ಹಾಡಿನ ರಿಯಾಲಿಟಿ ಶೋನಲ್ಲಿ ಗೆಲ್ಲೋರು ಯಾರು ಅನ್ನೋದು ಎಲ್ಲಿ ತೀರ್ಮಾನ ಆಗುತ್ತೆ? ಹಾಸನ, ಚಿಕ್ಕಮಗಳೂರು ಕಡೆಯವರು ದಯವಿಟ್ಟು ಓದಿ

ಶ್ರುತಿಪೆಟ್ಟಿಗೆ, ಹಾಸನ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಹೇಳಿ.

ನಾನು ಹಾಸನದಲ್ಲಿ ಹದಿನೆಂಟು ವರ್ಷದಿಂದ ಮಕ್ಕಳಿಗೆ ಸಂಗೀತ ಹೇಳಿಕೊಡ್ತಿದೀನಿ. ನನ್ನ ಶಿಷ್ಯೆ ಒಬ್ಬಳು ಬೇಲೂರು ತಾಲ್ಲೂಕಿನ ಹಳ್ಳಿಯವಳು. ಹದಿಮೂರು ವರ್ಷ, ಎಂಟನೇ ಕ್ಲಾಸು. ಪ್ರತಿ ಭಾನುವಾರ ಅಪ್ಪನ ಬೈಕಲ್ಲಿ ಪಾಠಕ್ಕೆ ಬರ್ತಾಳೆ. ಒಂದು ಚಾನೆಲ್ಲಿನವರು ಇಲ್ಲಿ ಆಡಿಷನ್ ಇಟ್ಟಿದ್ರು. ಬೆಳಗಿನ ಆರು ಗಂಟೆಗೇ ಸಾಲು. ಇವಳ ಸರದಿ ಬಂದಿದ್ದು ಮಧ್ಯಾಹ್ನ ಮೂರಕ್ಕೆ, ಹಾಡಿಸಿದ್ದು ಒಂದು ನಿಮಿಷ. ಒಳಗೆ ಕೂತಿದ್ದವರು ಟೀವಿಯಲ್ಲಿ ಕಾಣೋ ತೀರ್ಪುಗಾರರಲ್ಲ, ಚಾನೆಲ್ಲಿನ ಇಬ್ಬರು ಹುಡುಗರು, ಒಬ್ಬ ಕೀಬೋರ್ಡಿನವನು. ಅದಾದ ಮೇಲೆ ಇನ್ನೆರಡು ಸುತ್ತು ದಾಟಿ ಈಗ ಬೆಂಗಳೂರಿನ ಮೆಗಾ ಆಡಿಷನ್ನಿಗೆ ಆಯ್ಕೆ ಆಗಿದಾಳೆ. ನಮಗೆಲ್ಲ ಹಬ್ಬವೇ ಆಗಿತ್ತು.

ಹೋದ ವಾರ ಕ್ಯಾಮೆರಾ ತಗೊಂಡು ನಾಲ್ಕು ಜನ ಅವಳ ಊರಿಗೆ ಬಂದ್ರು. ಅಪ್ಪನದು ರಸ್ತೆ ಬದಿ ಪಂಕ್ಚರ್ ಅಂಗಡಿ, ಜೊತೆಗೆ ಅರ್ಧ ಎಕರೆ ಶುಂಠಿ. ಎರಡು ವರ್ಷದ ಹಿಂದೆ ಸಾಲ ಸೋಲ ಮಾಡಿ ಆರ್‌ಸಿಸಿ ಮನೆ ಕಟ್ಟಿದಾರೆ. ಬಂದವರು ಆ ಮನೆ ಕಡೆ ನೋಡಿ, "ಇದು ಬೇಡ, ಹಳೇ ಮನೆ ಇದೆಯಾ?" ಅಂತ ಕೇಳಿದ್ರಂತೆ. ಹಳೇ ಹೆಂಚಿನ ಮನೆಯಲ್ಲಿ ಈಗ ಸೌದೆ ತುಂಬಿದಾರೆ, ಒಂದು ಹಸು ಕಟ್ಟಿದಾರೆ. ಅದರ ಜಗಲಿ ಮೇಲೆ ಹುಡುಗಿನ ಕೂರಿಸಿ ಸೀಮೆಎಣ್ಣೆ ಬುಡ್ಡಿ ಹಚ್ಚಿ ಪುಸ್ತಕ ಓದಿಸಿದ್ರು. ಅಪ್ಪನಿಗೆ, "ಮಗಳಿಗೋಸ್ಕರ ಏನೇನು ಕಷ್ಟಪಟ್ರಿ ಹೇಳಿ, ಅಳು ಬಂದ್ರೆ ತಡ್ಕೋಬೇಡಿ" ಅಂದ್ರು. ಅವರು ಸಂಜೆ ನನಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಮೇಡಂ, ನಾನು ಕಟ್ಟಿದ ಮನೆ ಮುಂದೆ ನಾನೇ ತಲೆ ತಗ್ಗಿಸೋ ಹಂಗಾಯ್ತು."

ಇನ್ನೊಂದು ವಿಷಯ. ಆರು ತಿಂಗಳಿಂದ ಅವಳು ತಯಾರಿ ಮಾಡಿದ್ದ ಭಾವಗೀತೆ ಬೇಡ ಅಂದಿದಾರೆ. ಐದು ಸಿನಿಮಾ ಹಾಡಿನ ಪಟ್ಟಿ ಕೊಟ್ಟು ಅದರಲ್ಲೇ ಒಂದು ಆರಿಸಿಕೋ ಅಂತಾರೆ. ಐದರಲ್ಲಿ ನಾಲ್ಕು ಅವಳ ಶ್ರುತಿಗೆ ಕೂರಲ್ಲ.

ನನ್ನ ಪ್ರಶ್ನೆ ಇಷ್ಟು. ಒಳಗಿನದು ಗೊತ್ತಿರೋರು ಹೇಳಿ, ಈ ಶೋಗಳಲ್ಲಿ ಹಾಡೋದಕ್ಕೆ ಎಷ್ಟು ಬೆಲೆ ಇದೆ? ನಾನು ಆ ಮಗುನ ಏನಂತ ಹೇಳಿ ಕಳಿಸಲಿ?

ಬಿ.ಎಂ. ರೋಡ್

ಮೇಡಂ, ಬೇಜಾರು ಮಾಡ್ಕೋಬೇಡಿ. ಎಲ್ಲ ಮೊದಲೇ ಫಿಕ್ಸ್ ಆಗಿರುತ್ತೆ ಕಣ್ರೀ. ಯಾರು ಗೆಲ್ಲಬೇಕು ಅಂತ ಮೊದಲ ವಾರವೇ ಬರೆದಿಟ್ಟಿರ್ತಾರೆ. ವೋಟು ಅನ್ನೋದು ಬರೀ ನಾಟಕ. ಹುಡುಗಿ ಮನಸ್ಸು ಮುರಿಯೋಕೆ ಮುಂಚೆ ವಾಪಸ್ ಕರ್ಕೊಳ್ಳಿ.

ಲೆಕ್ಕದ ಮೇಷ್ಟ್ರು, ಚನ್ನರಾಯಪಟ್ಟಣ

"ಎಲ್ಲ ಫಿಕ್ಸ್" ಅಂತ ಒಂದೇ ಮಾತಲ್ಲಿ ಮುಗಿಸಿದ್ರೆ ನಾವು ಏನನ್ನೂ ನೋಡದ ಹಾಗಾಗುತ್ತೆ ಸರ್. ವೋಟಿನ ಲೆಕ್ಕದಲ್ಲೇ ಕೈಯಾಡಿಸಿದ ಪ್ರಸಂಗಗಳು ಇವೆ. ಅವು ಹೇಗೆ ಸಿಕ್ಕಿಬಿದ್ದವು ಅನ್ನೋದು ನನಗೆ ತುಂಬಾ ಮುಖ್ಯ.

ದಕ್ಷಿಣ ಕೊರಿಯಾದ ಎಂನೆಟ್ ಚಾನೆಲ್ಲಿನ ಪ್ರೊಡ್ಯೂಸ್ ಎಕ್ಸ್ 101 ಅನ್ನೋ ಶೋ, ಜನರ ವೋಟಿನಿಂದ ಹುಡುಗರ ಹಾಡಿನ ತಂಡ ಕಟ್ಟೋದು, 2019ರ ಜುಲೈನಲ್ಲಿ ಫೈನಲ್. ಮೊದಲ ಸ್ಥಾನಕ್ಕೆ 13,34,011 ವೋಟು, ಎರಡನೆಯದಕ್ಕೆ 13,04,033. ಅಂತರ 29,978. ಅಭಿಮಾನಿಗಳು ಕೂತು ಲೆಕ್ಕ ಹಾಕಿದಾಗ ಇದೇ 29,978ರ ಅಂತರ ಪಟ್ಟಿಯಲ್ಲಿ ಮತ್ತೆ ಮತ್ತೆ ಬಂತು. ಇನ್ನೂ ಕೆದಕಿದ್ರೆ ಎಲ್ಲರ ಒಟ್ಟು ವೋಟೂ ಸುಮಾರು 7,494.44 ಅನ್ನೋ ಒಂದೇ ಸಂಖ್ಯೆಯನ್ನ ಬೇರೆ ಬೇರೆ ಪೂರ್ಣಾಂಕದಿಂದ ಗುಣಿಸಿದ್ದು. ನೀವೇ ಮಾಡಿ ನೋಡಿ, ಅದನ್ನ 178ರಿಂದ ಗುಣಿಸಿದ್ರೆ ಮೊದಲನೇ ಸ್ಥಾನದ ವೋಟು, 174ರಿಂದ ಗುಣಿಸಿದ್ರೆ ಎರಡನೇದು. ನಿಜವಾದ ಜನ ಹಾಕಿದ ವೋಟು ಹೀಗೆ ಸಾಲಾಗಿ ಬಂದು ಕೂರಲ್ಲ. ಪೊಲೀಸ್ ತನಿಖೆ ಆಯ್ತು, ನಿರ್ಮಾಪಕ ಆನ್ ಜೂನ್ ಯಂಗ್ ಬಂಧನ ಆಯ್ತು, 2020ರ ಮೇನಲ್ಲಿ ಎರಡು ವರ್ಷ ಜೈಲು ಶಿಕ್ಷೆ. ಆ ಸರಣಿಯ ನಾಲ್ಕೂ ಸೀಸನ್ನಿನಲ್ಲಿ ಕೈಚಳಕ ನಡೆದಿತ್ತು ಅಂತ ಹೊರಬಂತು. ಗೆದ್ದ ಹುಡುಗರ ತಂಡವನ್ನೇ 2020ರ ಜನವರಿಯಲ್ಲಿ ವಿಸರ್ಜಿಸಿದ್ರು. ಅದರಲ್ಲಿ ನಿಜವಾಗಿ ಗೆದ್ದವರೂ ಇದ್ದರಲ್ಲ, ಅವರನ್ನ ನೆನೆದ್ರೆ ಸಂಕಟ ಆಗುತ್ತೆ.

ಬ್ರಿಟನ್ನಿನಲ್ಲಿ ಐಟಿವಿ ಚಾನೆಲ್ಲಿಗೆ 2008ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 56.75 ಲಕ್ಷ ಪೌಂಡ್ ದಂಡ ಹಾಕಿತು. ಒಂದು ಹಾಡಿನ ಶೋನಲ್ಲಿ ಸ್ಪರ್ಧಿ ಯಾವ ಹಾಡು ಹಾಡಬೇಕು ಅಂತ ಜನ ದುಡ್ಡು ಕೊಟ್ಟು ಫೋನ್ ಮಾಡಿ ವೋಟು ಹಾಕಿದ್ರು, ನಿರ್ಮಾಪಕರು ಅದನ್ನ ಪಕ್ಕಕ್ಕಿಟ್ಟು ತಮಗೆ ಬೇಕಾದ ಹಾಡು ಹಾಡಿಸಿದ್ರು. ಇನ್ನೊಂದು ಶೋನಲ್ಲಿ ಫೋನ್ ಮಾಡಿದವರಲ್ಲಿ ಟೀವಿಗೆ ಚೆನ್ನಾಗಿ ಒಗ್ಗೋರನ್ನ ಹುಡುಕಿ ಆರಿಸ್ತಿದ್ರು.

ನಿಮ್ಮ ಸೀಮೆಎಣ್ಣೆ ಬುಡ್ಡಿ ಕಥೆ ಓದಿದಾಗ ನನಗೆ ನೆನಪಾಗಿದ್ದು ಇನ್ನೂ ಹಳೇದು. 1956ರಲ್ಲಿ ಅಮೆರಿಕದ ಟ್ವೆಂಟಿ ಒನ್ ಅನ್ನೋ ಕ್ವಿಜ್. ಹರ್ಬರ್ಟ್ ಸ್ಟೆಂಪೆಲ್ ಅನ್ನೋ ಸ್ಪರ್ಧಿಗೆ ಉತ್ತರಗಳನ್ನ ಮೊದಲೇ ಕೊಟ್ಟಿದ್ದಷ್ಟೇ ಅಲ್ಲ, ಮೈಗೆ ಸರಿಯಾಗದ ಹಳೇ ಸೂಟು, ಅಗ್ಗದ ವಾಚು, ಸಿಪಾಯಿ ಥರ ತಲೆಕೂದಲು ಇರಬೇಕು, ಬಡವನ ಹಾಗೆ ಕಾಣಬೇಕು ಅಂತ ನಿರ್ಮಾಪಕರೇ ತಾಕೀತು ಮಾಡಿದ್ರು. ಆಮೇಲೆ ಸುಂದರಾಂಗ ಚಾರ್ಲ್ಸ್ ವ್ಯಾನ್ ಡೋರೆನ್ ಗೆಲ್ಲಲಿ ಅಂತ, ಸ್ಟೆಂಪೆಲ್ಲಿಗೆ ಗೊತ್ತಿದ್ದ ಪ್ರಶ್ನೆಗೇ ತಪ್ಪು ಉತ್ತರ ಹೇಳಿಸಿದ್ರು. 1959ರಲ್ಲಿ ವ್ಯಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಒಪ್ಪಿಕೊಂಡ್ರು. ಅಲ್ಲಿ 1960ರಲ್ಲಿ ಇಂಥ ವಂಚನೆ ಅಪರಾಧ ಅಂತ ಕಾನೂನೇ ಆಯ್ತು.

ಬಿ.ಎಂ. ರೋಡ್

ನೋಡಿ, ನಾನು ಹೇಳಿದ್ದೂ ಅದೇ ತಾನೇ ಮೇಷ್ಟ್ರೇ?

ಕಾಫಿ ಕಣ, ಆಲ್ದೂರು

ಅಲ್ಲ ಸರ್. ನಾನು ಒಳಗಿದ್ದವನು, ಹೇಳ್ತೀನಿ ಕೇಳಿ. ಬೆಂಗಳೂರಲ್ಲಿ ಆರು ವರ್ಷ ನಾನ್‌ಫಿಕ್ಷನ್ ಎಡಿಟಿಂಗ್ ಮಾಡಿದೀನಿ, ಹಾಡು, ಡಾನ್ಸು, ಕಾಮಿಡಿ ಮೂರೂ ಥರದ ಶೋ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ತೋಟ ನೋಡ್ಕೋತಿದೀನಿ. ಚಾನೆಲ್ ಹೆಸರು ಕೇಳಬೇಡಿ.

ನಾನಿದ್ದ ಯಾವ ಶೋನಲ್ಲೂ ವೋಟಿನ ಎಣಿಕೆ ತಿದ್ದಿದ್ದನ್ನ ನಾನು ನೋಡಿಲ್ಲ. ತಿದ್ದೋ ಅಗತ್ಯವೇ ಬರ್ತಿರಲಿಲ್ಲ. ವೋಟಿಂಗ್ ಶುರು ಆಗೋ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಎಡಿಟ್ ಟೇಬಲ್ ಮೇಲೆ ಮುಗಿದಿರುತ್ತೆ.

ಮೊದಲು ಆಯ್ಕೆ. ಕ್ರಿಯೇಟಿವ್ ಟೀಮಿನ ಗೋಡೆ ಮೇಲೆ ಒಂದು ಬೋರ್ಡ್ ಇರುತ್ತೆ. ಹಳ್ಳಿ ಪ್ರತಿಭೆ ಒಂದು, ತುಂಟ ಪುಟಾಣಿ ಒಂದು, ಶಾಸ್ತ್ರೀಯ ಕಲಿತವರು ಒಬ್ಬರು, ಉತ್ತರ ಕರ್ನಾಟಕದ ಜಾನಪದ ಒಂದು, ಕಣ್ಣೀರಿನ ಕಥೆ ಎರಡು. ಆ ಖಾನೆ ತುಂಬಿತು ಅಂದ್ರೆ ಅದಕ್ಕಿಂತ ಚೆನ್ನಾಗಿ ಹಾಡೋ ಇನ್ನೊಂದು ಹಳ್ಳಿ ಹುಡುಗಿ ಬಂದ್ರೂ ಮನೆಗೇ. ಮೇಡಂ, ನಿಮ್ಮ ಹುಡುಗಿನ ಯಾವ ಖಾನೆಗೆ ಹಾಕಿದಾರೆ ಅಂತ ಆ ಬುಡ್ಡಿ ಹಚ್ಚಿಸಿದಾಗಲೇ ಗೊತ್ತಾಯ್ತು.

ಆಮೇಲೆ ಹಾಡು. ಯಾರಿಗೆ ಯಾವ ಹಾಡು ಅನ್ನೋದೇ ಅರ್ಧ ತೀರ್ಪು. ಹಕ್ಕು ಸಿಕ್ಕಿರೋ ಹಾಡುಗಳ ಪಟ್ಟಿಯಿಂದಲೇ ಕೊಡಬೇಕು, ಅದು ನಿಜ. ಆದ್ರೆ ಆ ಪಟ್ಟಿಯೊಳಗೆ ಜನ ಎದ್ದು ಕುಣಿಯೋ ಹಾಡು ಒಬ್ಬರಿಗೆ, ಯಾರೂ ಕೇಳಿರದ ನಿಧಾನಗತಿಯ ಹಾಡು ಇನ್ನೊಬ್ಬರಿಗೆ. ಎರಡು ವಾರ ಹೀಗೆ ಕೊಟ್ರೆ ಆ ಇನ್ನೊಬ್ಬರು ತಾವಾಗಿಯೇ ಕೆಳಗಿಳೀತಾರೆ. "ಈ ವಾರ ಯಾಕೋ ನೀನು ಕಾಣಿಸಲಿಲ್ಲ ಮಗಾ" ಅಂತ ತೀರ್ಪುಗಾರರು ಪ್ರಾಮಾಣಿಕವಾಗೇ ಹೇಳ್ತಾರೆ.

ಆಮೇಲೆ ನಿಮಿಷ. ಇದನ್ನ ನೀವೇ ಅಳೆದು ನೋಡಿ. ಒಬ್ಬ ಸ್ಪರ್ಧಿಗೆ ವಿಟಿ (ಹಾಡಿಗೆ ಮುಂಚೆ ತೋರಿಸೋ ಪರಿಚಯದ ವಿಡಿಯೋ), ಹಾಡು, ತೀರ್ಪುಗಾರರ ಮಾತು, ಅಮ್ಮನನ್ನ ವೇದಿಕೆಗೆ ಕರೆಯೋದು, ಎಲ್ಲ ಸೇರಿ ಹದಿನಾಲ್ಕು ನಿಮಿಷ. ಪಕ್ಕದವನಿಗೆ ಹಾಡು, ಎರಡು ಮಾತು, ಮುಗೀತು. ಎಂಟು ವಾರ ಕಳೆದಾಗ ಮನೆಯಲ್ಲಿ ಕೂತ ಅಜ್ಜಿಗೆ ಮೊದಲನೆಯವನ ತಂಗಿ ಹೆಸರೂ ಗೊತ್ತು, ಎರಡನೆಯವನ ಹೆಸರೇ ಗೊತ್ತಿಲ್ಲ. ಆ ಅಜ್ಜಿ ಯಾರಿಗೆ ವೋಟು ಹಾಕಿಸ್ತಾರೆ?

ಧ್ವನಿ ಬಗ್ಗೆಯೂ ಹೇಳಬೇಕು. ಸ್ಟುಡಿಯೋದಲ್ಲಿ ಕೇಳಿದ್ದು ಮತ್ತು ನೀವು ಮನೆಯಲ್ಲಿ ಕೇಳೋದು ಒಂದೇ ಅಲ್ಲ. ಶ್ರುತಿ ತಿದ್ದುತ್ತಾರೆ, ನಾನಿದ್ದ ಒಂದು ಶೋನಲ್ಲಿ ಕೆಲವು ಸಾಲು ಮತ್ತೆ ಹಾಡಿಸಿ ಸೇರಿಸಿದ್ದೂ ಉಂಟು. ಎಲ್ಲರಿಗೂ ಒಂದೇ ಸಮ ತಿದ್ದಿದ್ರೆ ಒಂದು ಮಾತು. ಟೆಲಿಕಾಸ್ಟಿಗೆ ಹೊತ್ತಾಗಿರುತ್ತೆ, ಯಾರ ಹಾಡಿಗೆ ಹೆಚ್ಚು ಗಂಟೆ ಕೂರಬೇಕು ಅಂತ ಮೇಲಿಂದ ಹೇಳಿರ್ತಾರೆ.

ತೀರ್ಪುಗಾರರು ಕಣ್ಣೊರೆಸಿಕೊಳ್ಳೋ ಶಾಟು ಬೇರೆ ಯಾರೋ ಹಾಡಿದಾಗ ತೆಗೆದದ್ದು ಇರಬಹುದು. ನನ್ನ ಕೈಯಿಂದಲೇ ಅಂಥ ಶಾಟು ಎಷ್ಟು ಕೂರಿಸಿದೀನೋ ಲೆಕ್ಕ ಇಲ್ಲ. ಒಬ್ಬ ಹುಡುಗ, ತುಮಕೂರಿನ ಕಡೆಯವನು, ಅವನು ಹಾಡ್ತಿರುವಾಗ ತೀರ್ಪುಗಾರರೊಬ್ಬರು ಆಕಳಿಸಿದ ಶಾಟು ಹಾಕು ಅಂದ್ರು. ಆಕಳಿಕೆ ಊಟದ ಬಿಡುವಿಗೆ ಮುಂಚಿನದು, ಅವನ ಹಾಡಿನ ಹೊತ್ತಿನದಲ್ಲ. ಹಾಕಿದೆ. ಆ ವಾರ ಅವನು ಹೊರಗೆ ಹೋದ. ಅದು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ಯಾಕೆ ಹೀಗೆ ಅಂದ್ರೆ ಗುರುವಾರ. ಗುರುವಾರ, ಟೀವಿ ನೋಡುಗರ ಲೆಕ್ಕ ಇಡೋ ಬಾರ್ಕ್ ಸಂಸ್ಥೆಯ ಟಿಆರ್‌ಪಿ ಬರುತ್ತೆ. ಯಾರ ಭಾಗ ಬಂದಾಗ ಜನ ಚಾನೆಲ್ ಬದಲಿಸಲಿಲ್ಲ ಅಂತ ನೋಡ್ತಾರೆ, ಮುಂದಿನ ವಾರ ಅವರಿಗೆ ಇನ್ನೆರಡು ನಿಮಿಷ ಸೇರುತ್ತೆ. ಯಾರೋ ಲಂಚ ತಿಂದು ಮಾಡೋದಲ್ಲ ಇದು. ಅಲ್ಲಿರೋರಿಗೆ ತಾವು ಅನ್ಯಾಯ ಮಾಡ್ತಿದೀವಿ ಅಂತ ಅನ್ನಿಸೋದೂ ಇಲ್ಲ.

ಮೂಡಿಗೆರೆ ಮಳೆ

ಅಣ್ಣ, ತೀರ್ಪುಗಾರರ ಮಾತು ಬಂತಲ್ಲ. 2021ರಲ್ಲಿ ಇಂಡಿಯನ್ ಐಡಲ್‌ಗೆ ಕಿಶೋರ್ ಕುಮಾರ್ ಅವರ ಮಗ ಅಮಿತ್ ಕುಮಾರ್ ಅತಿಥಿಯಾಗಿ ಬಂದಿದ್ರು. ಆಮೇಲೆ ಅವರೇ ಬಹಿರಂಗವಾಗಿ ಹೇಳಿದ್ರು, ಯಾರು ಹೇಗೇ ಹಾಡಲಿ ಹೊಗಳಬೇಕು ಅಂತ ನನಗೆ ಮೊದಲೇ ಹೇಳಿದ್ರು ಅಂತ. ಅಷ್ಟು ದೊಡ್ಡವರಿಗೇ ಹಾಗೆ ಹೇಳಿದ್ರೆ ಉಳಿದವರ ಪಾಡು?

ವೋಟಿನ ಬಗ್ಗೆ ನಮ್ಮ ಕಡೆಯ ಕಷ್ಟ ಹೇಳ್ತೀನಿ ಮಾರಾಯ್ರೆ. ನಮ್ಮೂರಿನ ಹುಡುಗನೊಬ್ಬ ಒಂದು ಶೋನಲ್ಲಿ ಸೆಮಿಫೈನಲ್ ತನಕ ಹೋಗಿದ್ದ. ಆ ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲ, ಟವರ್ ಸತ್ತಿತ್ತು. ಆ್ಯಪಿನಲ್ಲಿ ವೋಟು ಹಾಕೋಕೆ ಜನ ಬೈಕ್ ಹತ್ತಿ ಸಿಗ್ನಲ್ ಸಿಗೋ ಗುಡ್ಡಕ್ಕೆ ಹೋದ್ರು, ಛತ್ರಿ ಹಿಡ್ಕೊಂಡು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಸೋಫಾದಲ್ಲಿ ಕೂತು ಹಾಕಿದ ವೋಟಿಗೂ ಅದಕ್ಕೂ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಅವನು ಸೋತ. ಎಷ್ಟು ವೋಟು ಬಂತು ಅಂತ ಅವನಿಗೂ ಹೇಳಲಿಲ್ಲ, ನಮಗೂ ಹೇಳಲಿಲ್ಲ.

ಊರಿನ ಅಭಿಮಾನ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋಕೆ ಡಾರ್ಜಿಲಿಂಗ್ ನೋಡಿ. 2007ರಲ್ಲಿ ಇಂಡಿಯನ್ ಐಡಲ್ ಮೂರನೇ ಸೀಸನ್ ಗೆದ್ದ ಪ್ರಶಾಂತ್ ತಮಾಂಗ್ ಅಲ್ಲಿಯವರು, ಆಗ ಕೋಲ್ಕತ್ತಾ ಪೊಲೀಸ್ ಪೇದೆ ಆಗಿದ್ರು. ಬೆಟ್ಟದ ಊರೂರಲ್ಲಿ ಜನ ದುಡ್ಡು ಒಟ್ಟುಮಾಡಿ ಎಸ್‌ಎಂಎಸ್ ಕಳಿಸಿದ್ರು. ಗೆದ್ದ ಮೇಲೆ ರೇಡಿಯೋದವರೊಬ್ಬರು ಆಡಿದ ಹಗುರ ಮಾತಿಗೆ ಸಿಲಿಗುರಿಯಲ್ಲಿ ಗಲಭೆ ಆಯ್ತು. ಆ ಅಭಿಮಾನಿ ಚಳವಳಿಯ ಬಲದ ಮೇಲೇ ಬಿಮಲ್ ಗುರುಂಗ್ ಅದೇ ಅಕ್ಟೋಬರಿನಲ್ಲಿ ಗೋರ್ಖಾ ಜನಮುಕ್ತಿ ಮೋರ್ಚಾ ಅನ್ನೋ ರಾಜಕೀಯ ಪಕ್ಷ ಕಟ್ಟಿದ್ರು. ಚಾನೆಲ್ಲಿನವರಿಗೆ ಅದು ಒಂದು ಸೀಸನ್. ಆ ಊರಿನವರಿಗೆ ಹಾಗಲ್ಲ.

ಹೇಮಾವತಿ ದಡ, ಅರಕಲಗೂಡು

ನಾನು ಸ್ಪರ್ಧಿಯಾಗಿ ಹೋಗಿ ಬಂದವಳು. ನನ್ನದು ಬೇರೆ ಅಭಿಪ್ರಾಯ, ಕೋಪ ಮಾಡ್ಕೋಬೇಡಿ.

ನಾನು ಏಳನೇ ವಾರ ಹೊರಬಂದೆ. ನನ್ನ ವಿಟಿಯಲ್ಲೂ ಅಮ್ಮನ ಕಣ್ಣೀರಿತ್ತು. ಆದ್ರೆ ಅದು ಸುಳ್ಳಲ್ಲ. ಅಮ್ಮ ಅಂಗನವಾಡಿ ಸಹಾಯಕಿ, ನನ್ನ ಸಂಗೀತದ ಫೀಸಿಗೆ ಚೀಟಿ ಎತ್ತಿದ್ದು ನಿಜ. ಆ ಕಥೆ ನೋಡಿದ ಮೇಲೇ ನನ್ನ ಹಾಡು ಜನ ಕಿವಿಗೊಟ್ಟು ಕೇಳಿದ್ರು. ಈಗ ಗಣಪತಿ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಮದುವೆ ರಿಸೆಪ್ಷನ್ನಿಗೆ ಕರೀತಾರೆ. ಮನೆ ನಡೀತಿದೆ. ಹಾವೇರಿ ಜಿಲ್ಲೆಯ ಹನುಮಂತ ಕುರಿ ಕಾಯ್ತಿದ್ದವರು ಅಂತ ತೋರಿಸದೇ ಇದ್ದಿದ್ರೆ ಸರಿಗಮಪದಲ್ಲಿ ಅಷ್ಟು ಜನ ಅವರನ್ನ ಎದೆಗೆ ಹಚ್ಚಿಕೊಳ್ತಿದ್ರಾ? ಅವರು ಅಲ್ಲಿ ರನ್ನರ್ ಅಪ್ ಆಗಿ, 2025ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡ 11ನೇ ಸೀಸನ್ನೇ ಗೆದ್ರು. ಇದ್ದ ಬದುಕನ್ನ ಇದ್ದ ಹಾಗೆ ತೋರಿಸೋದು ತಪ್ಪಲ್ಲ. ನಿಮ್ಮ ಹುಡುಗಿ ವಿಷಯದಲ್ಲಿ ತಪ್ಪಾಗಿದ್ದು ಇಲ್ಲದ್ದನ್ನ ತೋರಿಸಿದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಕ್ಕ.

ನನಗೆ ನೋವಾಗಿದ್ದು ಬೇರೆ ವಿಷಯಕ್ಕೆ. ಹೊರಬಂದ ಮೇಲೂ ಒಪ್ಪಂದ ಬಿಡಲಿಲ್ಲ. ಎರಡು ವರ್ಷ ಬೇರೆ ಚಾನೆಲ್ಲಿನಲ್ಲಿ ಹಾಡೋ ಹಾಗಿಲ್ಲ, ಹೊರಗಿನ ಕಾರ್ಯಕ್ರಮಕ್ಕೂ ಅವರನ್ನ ಕೇಳಬೇಕು, ಬಂದ ದುಡ್ಡಲ್ಲಿ ಅವರಿಗೂ ಪಾಲು. ಓದದೇ ಸಹಿ ಹಾಕಿದ್ದೆ. "ತೀರ್ಪಿನ ವಿಷಯದಲ್ಲಿ ಸಂಸ್ಥೆಯದೇ ಅಂತಿಮ ತೀರ್ಮಾನ" ಅಂತ ಒಂದು ಸಾಲು ಇರುತ್ತೆ, ಅದನ್ನ ಹುಡುಕಿ ಓದಿ.

ಶ್ರುತಿಪೆಟ್ಟಿಗೆ, ಹಾಸನ

ನಿಮ್ಮ ಮಾತು ಸರಿ ತಂಗಿ. ಅವಳಪ್ಪನಿಗೆ ನಾಚಿಕೆ ಬಡತನಕ್ಕಲ್ಲ. ದುಡಿದು ಕಟ್ಟಿದ್ದನ್ನ ಮರೆಮಾಡಿ ಅಂದಿದ್ದಕ್ಕೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೀತಾ ಮಗಳ ಹಾಡಿಗೆ ತಾಳ ಹಾಕ್ತಾರೆ ಅವರು, ಅದನ್ನ ನಾನೇ ಕಣ್ಣಾರೆ ನೋಡಿದೀನಿ. ಅದು ಅವರ ಕ್ಯಾಮೆರಾಗೆ ಕಾಣಲೇ ಇಲ್ಲವಲ್ಲ.

ತಂಬೂರಿ, ರುದ್ರಪಟ್ಟಣದ ಮೊಮ್ಮಗ

ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು, ಆರ್.ಕೆ. ಪದ್ಮನಾಭ, ಇಷ್ಟು ಸಂಗೀತಗಾರರ ಮೂಲ ಊರು ರುದ್ರಪಟ್ಟಣ ನಮ್ಮ ಜಿಲ್ಲೆಯಲ್ಲೇ, ಕಾವೇರಿ ದಡದಲ್ಲಿದೆ. ಇದನ್ನ ಹಳೇ ಹಿರಿಮೆ ಹೊಗಳೋಕೆ ಹೇಳ್ತಿಲ್ಲ. ಪರೀಕ್ಷೆ ಮಾಡೋಕೆ ಬೇರೆ ದಾರಿಯೂ ಇದೆ ಅಂತ ನೆನಪು ಮಾಡೋಕೆ. ನಾನು ಆಕಾಶವಾಣಿಗೆ ಆಡಿಷನ್ ಕೊಟ್ಟಾಗ ನನ್ನ ಹೆಸರಿಗೆ ಬೆಲೆ ಇರಲಿಲ್ಲ, ಊರಿಗೆ ಬೆಲೆ ಇರಲಿಲ್ಲ, ಶರ್ಟು ಯಾರೂ ನೋಡಲಿಲ್ಲ. ಮೈಕಿನ ಮುಂದೆ ಹಾಡಿದ್ದಷ್ಟೇ. ಬಿ, ಬಿ ಹೈ, ಎ, ಟಾಪ್ ಅಂತ ಶ್ರೇಣಿ ಇದೆ. ಮೊದಲ ಸಲ ನಪಾಸಾದೆ, ಎರಡನೇ ಸಲ ಬಿ ಬಂತು. ನಪಾಸಾದಾಗ ಅತ್ತುಬಿಟ್ಟೆ, ಆದ್ರೆ ಯಾಕೆ ನಪಾಸಾದೆ ಅನ್ನೋದು ನನಗೆ ಗೊತ್ತಿತ್ತು, ತಾರ ಷಡ್ಜ, ಅಂದ್ರೆ ಮೇಲಿನ ಸ, ನಿಲ್ಲುತ್ತಿರಲಿಲ್ಲ. ಹಾಸನ ಕೇಂದ್ರ ಇಲ್ಲೇ ಇದೆ, 102.2. ಮೇಡಂ, ಆ ಮಗುಗೆ ಅದನ್ನೂ ತೋರಿಸಿ.

ಲೆಕ್ಕದ ಮೇಷ್ಟ್ರು, ಚನ್ನರಾಯಪಟ್ಟಣ

ಕಾಫಿ ಕಣದವರೇ, ಹಾಡುವ ಸರದಿ ಬಗ್ಗೆ ನೀವು ಹೇಳಲಿಲ್ಲ. ಕೊನೆಗೆ ಹಾಡಿದವರಿಗೆ ಅನುಕೂಲ ಅನ್ನೋದು ನಿಜ. ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್‌ನ ಅಂಕಗಳನ್ನ ಇಟ್ಟುಕೊಂಡು ನಡೆದ ಅಧ್ಯಯನದಲ್ಲೂ ತಡವಾಗಿ ಬಂದವರಿಗೆ ಹೆಚ್ಚು ಅಂಕ ಬೀಳೋದು ಕಂಡಿದೆ. ಅಲ್ಲೂ 2013ರಿಂದ ಸರದಿಯನ್ನ ಪೂರ್ತಿ ಚೀಟಿ ಎತ್ತಿ ತೀರ್ಮಾನಿಸಲ್ಲ, ನಿರ್ಮಾಪಕರೇ ಜೋಡಿಸ್ತಾರೆ. ಆದ್ರೆ ಒಂದು ಒಳ್ಳೇ ಕೆಲಸ ಮಾಡ್ತಾರೆ, ತೀರ್ಪುಗಾರರು ಎಷ್ಟು ಕೊಟ್ರು, ಜನ ಎಷ್ಟು ಕೊಟ್ರು ಅಂತ ದೇಶವಾರು ಪ್ರಕಟಿಸ್ತಾರೆ. ನಮ್ಮ ಶೋಗಳಲ್ಲೂ ಪ್ರತಿ ವಾರದ ವೋಟು, ತೀರ್ಪುಗಾರರ ಅಂಕಕ್ಕೆ ಶೇಕಡಾ ಎಷ್ಟು, ವೋಟಿಗೆ ಎಷ್ಟು, ಇದಿಷ್ಟನ್ನ ಪರದೆ ಮೇಲೆ ಹಾಕಲಿ. ಕೊರಿಯಾದಲ್ಲಿ ಕಳ್ಳತನ ಸಿಕ್ಕಿದ್ದೇ ಅಂಕಿ ಪ್ರಕಟ ಮಾಡಿದ್ದರಿಂದ. ಅಂಕಿಯನ್ನೇ ಕೊಡದಿದ್ರೆ ನಮ್ಮಂಥ ಮೇಷ್ಟ್ರುಗಳು ಏನನ್ನ ಗುಣಿಸಿ ನೋಡೋದು?

ಕಾಫಿ ಕಣ, ಆಲ್ದೂರು

ಸರಿ ಹೇಳಿದ್ರಿ ಮೇಷ್ಟ್ರೇ. ಸರದಿ ನಾವು ಎಡಿಟಿನಲ್ಲೇ ಬದಲಿಸ್ತಿದ್ವಿ. ಮೊದಲು ಹಾಡಿದವರು ಟೆಲಿಕಾಸ್ಟಿನಲ್ಲಿ ಕೊನೆಗೆ ಬರೋದು ಮಾಮೂಲಿ. "ಈ ವಾರ ಎಲಿಮಿನೇಷನ್ ಇಲ್ಲ" ಅಂತ ಇದ್ದಕ್ಕಿದ್ದ ಹಾಗೆ ಘೋಷಣೆ ಆಗುತ್ತಲ್ಲ, ವೈಲ್ಡ್ ಕಾರ್ಡಿನಲ್ಲಿ ಹೋದವರು ವಾಪಸ್ ಬರ್ತಾರಲ್ಲ, ಆ ವಾರ ಯಾರು ಹೊರಗೆ ಹೋಗೋ ಹಾಗಿತ್ತು ಅಂತ ಯೋಚನೆ ಮಾಡಿ.

ಕೋರ್ಟ್ ರಸ್ತೆ, ಚಿಕ್ಕಮಗಳೂರು

ವಕೀಲಿ ಮಾಡ್ತೀನಿ. ಹುಡುಗಿಗೆ ಹದಿಮೂರು ಅಂದ್ರಿ, ಅಂದ್ರೆ ಕಾನೂನಿನ ಪ್ರಕಾರ ಬಾಲಕಿ. ಬಾಲಕಾರ್ಮಿಕ ಕಾಯ್ದೆಯ ಕೆಳಗೆ 2017ರಲ್ಲಿ ತಂದ ನಿಯಮಗಳು ಟೀವಿ ಶೋಗಳಿಗೂ ಅನ್ವಯ. ದಿನಕ್ಕೆ ಐದು ಗಂಟೆ ಮೀರಿ ಕೆಲಸ ಮಾಡಿಸೋ ಹಾಗಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರೋ ಹಾಗಿಲ್ಲ. ಸತತ 27 ದಿನ ಮೀರಿ ಇಟ್ಟುಕೊಳ್ಳೋ ಹಾಗಿಲ್ಲ. ಶೂಟಿಂಗ್ ನಡೆಯೋ ಜಿಲ್ಲೆಯ ಜಿಲ್ಲಾಧಿಕಾರಿಯ ಅನುಮತಿ ಬೇಕು. ಬರೋ ದುಡ್ಡಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿಗೆ ಇಷ್ಟವಿಲ್ಲದ್ದನ್ನ ಮಾಡಿಸೋ ಹಾಗಿಲ್ಲ. ಅಪ್ಪ ಸಹಿ ಹಾಕೋಕೆ ಮುಂಚೆ ಒಪ್ಪಂದದ ಪ್ರತಿ ಕೇಳಿ, ಮನೆಗೆ ತಂದು ಓದಲಿ. "ಇಲ್ಲೇ ಹಾಕಿ, ಟೈಮಿಲ್ಲ" ಅಂದ್ರೆ ಹಾಕಬೇಡಿ ಅನ್ನಿ. ಬೇಕಾದ್ರೆ ನಾನೇ ಓದಿ ಹೇಳ್ತೀನಿ, ಫೀಸು ಬೇಡ.

ಬಿ.ಎಂ. ರೋಡ್

ನಾನು ಮೊದಲು ಬರೆದಿದ್ದು ದುಡುಕಿನ ಮಾತು ಆಯ್ತು ಮೇಡಂ. ಕಳಿಸಬೇಡಿ ಅಂತ ಈಗ ಹೇಳಲ್ಲ. ಆದ್ರೆ ಆ ಹಳೇ ಮನೆ ವಿಟಿ ಟೀವಿಯಲ್ಲಿ ಬಂದ್ರೆ ಅವಳು ಸ್ಕೂಲಿಗೆ ಹೋಗೋದು ಹೇಗೆ? ಊರಿನ ಮಕ್ಕಳಿಗೆಲ್ಲ ಅವಳ ಮನೆ ಗೊತ್ತಲ್ಲ. ಅದನ್ನ ಮೊದಲು ತೆಗೆಸಿ.

ಶ್ರುತಿಪೆಟ್ಟಿಗೆ, ಹಾಸನ (ಒಂಬತ್ತು ದಿನದ ನಂತರ)

ತಡ ಆಯ್ತು, ಕ್ಷಮಿಸಿ. ವಕೀಲರು ಹೇಳಿದ ಹಾಗೆ ಒಪ್ಪಂದದ ಪ್ರತಿ ಕೇಳಿದ್ವಿ. ಮೊದಲು ಕೊಡಲ್ಲ ಅಂದ್ರು, ಎರಡನೇ ಸಲ ವಾಟ್ಸಾಪಿನಲ್ಲಿ ಕಳಿಸಿದ್ರು. ಹನ್ನೊಂದು ಪುಟ, ಪೂರ್ತಿ ಇಂಗ್ಲಿಷ್. ವಕೀಲರು ಎರಡು ಗಂಟೆ ಫೋನಿನಲ್ಲಿ ಒಂದೊಂದೇ ಸಾಲು ಕನ್ನಡದಲ್ಲಿ ಬಿಡಿಸಿ ಹೇಳಿದ್ರು, ಅವರ ಉಪಕಾರ ಮರೆಯಲ್ಲ. ಅರಕಲಗೂಡಿನ ತಂಗಿ ಹೇಳಿದ ಎರಡು ವರ್ಷದ ಸಾಲು ಇದರಲ್ಲೂ ಇದೆ. ಅದನ್ನ ಬದಲಿಸಲ್ಲ ಅಂತ ಖಡಾಖಂಡಿತವಾಗಿ ಹೇಳಿದಾರೆ.

ಹಾಡಿನ ವಿಷಯದಲ್ಲಿ ಸ್ವಲ್ಪ ಬಗ್ಗಿದಾರೆ. ಪಟ್ಟಿಯಲ್ಲಿರೋ ಐದನೇ ಹಾಡನ್ನ ಅವಳ ಶ್ರುತಿಗೆ ಇಳಿಸಿ ಬ್ಯಾಂಡಿನವರು ನುಡಿಸ್ತಾರಂತೆ. ಹಳೇ ಮನೆ ಶಾಟು ತೆಗೀತೀವಿ, ಅಂಗಡಿಯಲ್ಲಿ ಮತ್ತೆ ಶೂಟ್ ಮಾಡ್ತೀವಿ ಅಂತ ಬಾಯಲ್ಲಿ ಹೇಳಿದಾರೆ. ಅವಳಪ್ಪ, "ಬರವಣಿಗೆಯಲ್ಲಿ ಕೊಡಿ, ಆಮೇಲೆ ಬಸ್ ಹತ್ತಿಸ್ತೀನಿ" ಅಂದಿದಾರೆ. ಇವತ್ತಿನ ತನಕ ಮೇಲ್ ಬಂದಿಲ್ಲ, ಮೆಗಾ ಆಡಿಷನ್ ಮುಂದಿನ ಗುರುವಾರ.

ಹುಡುಗಿನ ಕೂರಿಸಿಕೊಂಡು ನೀವೆಲ್ಲ ಬರೆದಿದ್ದನ್ನ ಓದಿ ಹೇಳಿದೆ. ತುಮಕೂರಿನ ಹುಡುಗನ ಆಕಳಿಕೆ ಕಥೆ ಕೇಳಿ ತುಂಬಾ ಹೊತ್ತು ಸುಮ್ಮನಿದ್ಲು. ಆಮೇಲೆ, "ಆ ಅಣ್ಣ ಅವತ್ತು ಚೆನ್ನಾಗೇ ಹಾಡಿದ್ರಾ ಮಿಸ್?" ಅಂತ ಕೇಳಿದ್ಲು. ಕಾಫಿ ಕಣದವರೇ, ನಿಮಗೆ ನೆನಪಿದ್ರೆ ಹೇಳಿ, ಅವಳಿಗೆ ತಿಳಿಸ್ತೀನಿ.

ಕಾಫಿ ಕಣ, ಆಲ್ದೂರು

ನೆನಪಿದೆ ಮೇಡಂ. ಆ ವಾರ ಎಲ್ಲರಿಗಿಂತ ಚೆನ್ನಾಗಿ ಹಾಡಿದ್ದ.